ಬೇಸಗೆಯ ಓದು

ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಶಾಲೆಗಳ ಬಾಗಿಲು ಮುಚ್ಚುತ್ತಲೇ ನಾಡಿನ ಮಕ್ಕಳು ಪಠ್ಯಪುಸ್ತಕಗಳನ್ನು ಅಟ್ಟಕ್ಕೇರಿಸಿ ಬಯಲಿಗೆ ಇಳಿಯುತ್ತಾರೆ. ಅದು ನ್ಯಾಯವೇ ಸರಿ. ಹತ್ತು ತಿಂಗಳ ಕಾಲ ಪ್ರಶ್ನೋತ್ತರಗಳ ನೊಗಕ್ಕೆ ಕೊರಳೊಡ್ಡಿದ ಎಳೆಯ ಜೀವಗಳಿಗೆ ಮಾವಿನ ತೋಪೂ ಕೆರೆಯ ಏರಿಯೂ ಅಜ್ಜನ ಮನೆಯ ಜಗಲಿಯೂ ಬೇಕು. ಆದರೆ ಬೇಸಗೆಯ ನಡುಹಗಲೆಂಬುದೊಂದಿದೆ. ಬಿಸಿಲೇರಿತೆಂದರೆ ಹಿರಿಯರು ಮಕ್ಕಳನ್ನು ಒಳಕ್ಕೆ ಕರೆದು ಕದವಿಕ್ಕುತ್ತಾರೆ. ನೆರಳು ಮೂಡಣಕ್ಕೆ ಚಾಚುವವರೆಗೂ ಹೊತ್ತು ಅಲುಗದು. ಬರಿದಾದ ಈ ನಾಲ್ಕೈದು ಗಂಟೆಗಳೇ ಹಿಂದೆ ಎಷ್ಟೋ ಮಂದಿಯನ್ನು ಓದುಗರನ್ನಾಗಿ ಮಾಡಿದವು. ಇಂದು ಆ ಹೊತ್ತನ್ನು ಅಂಗೈಯಗಲದ ಮೊಬೈಲು ನುಂಗುತ್ತಿದೆ.

ಇದಕ್ಕೆ ಮಕ್ಕಳನ್ನೇ ದೂರುವುದು ವಾಡಿಕೆ. ದೂರುವ ಮನೆಯನ್ನೊಮ್ಮೆ ಹೊಕ್ಕು ನೋಡಬೇಕು. ಪಂಚಾಂಗವನ್ನೂ ಗೋಡೆಯ ಕ್ಯಾಲೆಂಡರನ್ನೂ ಬಿಟ್ಟರೆ ಅಲ್ಲಿ ಓದತಕ್ಕ ಅಕ್ಷರವೇ ಇರುವುದಿಲ್ಲ. ತಂದೆಯ ಕೈಯಲ್ಲೂ ಮೊಬೈಲು, ತಾಯಿಯ ಕೈಯಲ್ಲೂ ಮೊಬೈಲು. ಮಗನಿಗೆ ಮಾತ್ರ ಪುಸ್ತಕ ಹಿಡಿಯೆಂಬ ಉಪದೇಶ! ಬಾವಿಯಿಲ್ಲದ ಊರಿನಲ್ಲಿ ಈಜು ಕಲಿಯೆಂದಂತೆ ಇದು.

ಕನ್ನಡದಲ್ಲಿ ಮಕ್ಕಳಿಗೆ ಪುಸ್ತಕಗಳಿಲ್ಲವೆನ್ನುವಂತಿಲ್ಲ. ಶಿವರಾಮ ಕಾರಂತರು 1936ರಷ್ಟು ಹಿಂದೆಯೇ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಹೊರತಂದರು. ಅನುಪಮಾ ನಿರಂಜನರು ವರ್ಷದ ಒಂದೊಂದು ದಿನಕ್ಕೆ ಒಂದೊಂದರಂತೆ ಕಥೆ ಹೇಳಿ ಹನ್ನೆರಡು ಸಂಪುಟಗಳನ್ನು ತುಂಬಿದರು. ಅದಕ್ಕೂ ಮೊದಲು ಕಾದಂಬರಿಕಾರ ಗಳಗನಾಥರು (1869–1942) ತಮ್ಮ ಪುಸ್ತಕಗಳ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಓದುಗನು ಪುಸ್ತಕದ ಬಳಿಗೆ ಬರಲೆಂದು ಕಾಯದೆ, ಪುಸ್ತಕವನ್ನೇ ಓದುಗನ ಬಾಗಿಲಿಗೆ ಒಯ್ದವರು ಅವರು.

ಆ ಹೊರೆಯನ್ನು ಇಂದು ಹೊರಬೇಕಾದದ್ದು ಗ್ರಂಥಾಲಯ. 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಪ್ರಕಾರ ಕರ್ನಾಟಕದಲ್ಲಿ ಮನೆಗಂದಾಯದೊಡನೆ ಗ್ರಂಥಾಲಯ ಕರವೂ ಸಂದಾಯವಾಗುತ್ತದೆ. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾದ ಮೇಲೆ ಗ್ರಾಮಪಂಚಾಯಿತಿಯ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ನೀಡತೊಡಗಿದವು. ಹೀಗಿದ್ದರೂ ಕೆಲವೆಡೆ ಪುಸ್ತಕಗಳು ಕಳೆದಾವು, ಹರಿದಾವು ಎಂಬ ಅಂಜಿಕೆಯಿಂದ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತಿವೆ. ಹತ್ತು ಕೈ ದಾಟಿ ಬೆನ್ನು ಕಿತ್ತುಹೋದ ಪುಸ್ತಕಕ್ಕೆ ದಂಡ ಹಾಕುವುದಕ್ಕಿಂತ, ಹತ್ತು ವರ್ಷ ಹೊಸದಾಗಿಯೇ ಉಳಿದ ಪುಸ್ತಕದ ಬಗೆಗೆ ವಿಚಾರಣೆ ನಡೆಸುವುದು ಹೆಚ್ಚು ಯುಕ್ತ.

ಪುಸ್ತಕ ಕೈಗೆ ಬಂದರೂ ಮಗುವಿಗೆ ಇನ್ನೊಂದು ವಿಘ್ನವುಂಟು. ಅದು ಹಿರಿಯರ ಅತ್ಯುತ್ಸಾಹ. ಕಥೆ ಮುಗಿಯುವುದೇ ತಡ, “ಇದರ ನೀತಿಯೇನು? ಸಾರಾಂಶ ಬರೆದು ತೋರಿಸು” ಎಂಬ ಅಪ್ಪಣೆ ಹೊರಡುತ್ತದೆ. ರಜೆಯಲ್ಲಿ ಎಷ್ಟು ಪುಸ್ತಕ ಓದಿದೆಯೆಂದು ನೆರೆಮನೆಯ ಮಗುವಿನೊಡನೆ ಲೆಕ್ಕ ಹಚ್ಚುತ್ತಾರೆ. ಅಲ್ಲಿಗೆ ಕಥೆ ಮತ್ತೆ ಪಾಠವಾಯಿತು, ಜಗಲಿ ಮತ್ತೆ ಪರೀಕ್ಷಾ ಕೊಠಡಿಯಾಯಿತು. ಹಲಸಿನ ತೊಳೆ ತಿಂದ ಹುಡುಗನನ್ನು ಅದರ ರುಚಿಯ ಮೇಲೆ ಪ್ರಬಂಧ ಬರೆಯೆಂದು ಯಾರೂ ಕೇಳುವುದಿಲ್ಲವಷ್ಟೆ? ಹಿಡಿಸದ ಪುಸ್ತಕವನ್ನು ಅರ್ಧಕ್ಕೇ ಬಿಡುವ ಹಕ್ಕು ಮಗುವಿಗಿರಬೇಕು. ಮೆಚ್ಚಿದ್ದನ್ನು ನಾಲ್ಕು ಸಲ ಓದುವ, ಚಿತ್ರ ನೋಡಿ ಹಾಳೆ ಹಾರಿಸುವ, ತನ್ನ ವಯಸ್ಸಿಗೆ ಮೀರಿದ್ದನ್ನು ಅರ್ಥವಾದಷ್ಟೇ ಸವಿಯುವ ಹಕ್ಕೂ ಇರಬೇಕು. ಪತ್ತೇದಾರಿ ಕಥೆಯನ್ನೋ ಹಳೆಯ ‘ಚಂದಮಾಮ’ವನ್ನೋ ಹಿಡಿದ ಮಗುವಿನ ಕೈಯಿಂದ ಅದನ್ನು ಕಸಿದು ಮಹಾಪುರುಷರ ಚರಿತ್ರೆಯನ್ನಿಡುವವರು ಎರಡನ್ನೂ ಕೆಡಿಸುತ್ತಾರೆ.

ಕೇಳುವವರು ಮಾತ್ರ ಬೇಕು. ಅಕ್ಷರವರಿಯದ ಅಜ್ಜಿ ಹಲವು ಮನೆಗಳಲ್ಲಿ ಇಂದಿಗೂ ಇದ್ದಾಳೆ. ಮಧ್ಯಾಹ್ನ ಅವಳು ಅವರೆಕಾಳನ್ನೋ ಹುಣಸೆಹಣ್ಣನ್ನೋ ಮುಂದಿಟ್ಟುಕೊಂಡು ಕುಳಿತಾಗ ಮೊಮ್ಮಗಳು ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಓದತೊಡಗುತ್ತಾಳೆ. ಎರಡು ಪುಟ ಕಳೆಯುವುದರೊಳಗೆ ಅಜ್ಜಿ ಕೈ ನಿಲ್ಲಿಸಿ, “ಹಾಗಲ್ಲವೇ ಮಗು, ಆ ರಾಜನಿಗೆ ಇಬ್ಬರು ಹೆಂಡಿರು” ಎಂದು ತಿದ್ದುತ್ತಾಳೆ. ಮೊಮ್ಮಗಳು ಪುಸ್ತಕದ ಪರವಾಗಿ ವಾದಿಸುತ್ತಾಳೆ. ಹುಣಸೆಹಣ್ಣು ಹಾಗೆಯೇ ಉಳಿದಿರುತ್ತದೆ. ಬಿಸಿಲು ಇಳಿದದ್ದು ಇಬ್ಬರಿಗೂ ತಿಳಿಯುವುದಿಲ್ಲ.