ಕ್ರಿಸ್‌ಮಸ್ ಗಿಡಕ್ಕೆ ಏಲಕ್ಕಿ ಹಾರ

ಡಿಸೆಂಬರ್ ಬಂತೆಂದರೆ ಅಂಗಡಿ ತುಂಬ ಪ್ಲಾಸ್ಟಿಕ್ ಹಾರ, ಥರ್ಮಾಕೋಲ್ ಹಿಮ. ಹಾವೇರಿಯಲ್ಲಿದ್ದುಕೊಂಡು ಅದಕ್ಯಾಕೆ ದುಡ್ಡು ಸುರೀಬೇಕು, ಹೇಳಿ?

ಕಳೆದ ವರ್ಷ ಪಕ್ಕದ ಮನೆ ಅಕ್ಕನ ಜತೆ ಕೂತು ಸರ್ವೆ ಕೊಂಬೆಗೆ ನಮ್ಮೂರಿನ ಏಲಕ್ಕಿ ಹಾರವನ್ನೇ ಸುತ್ತಿದೆವು. ಮನೆಯೆಲ್ಲ ಘಮಘಮ! ಮಂತ್ರಿಗಳು ಬಂದಾಗಷ್ಟೇ ಅದು ಹೊರಬರಬೇಕೇ? ಬೆಲೆ ಹೆಚ್ಚು, ನಿಜ. ಆದರೆ ಒಂದೊಂದೇ ಕಾಯಿ ಪೋಣಿಸುವವರಿಂದ ನಾವೇ ಕೊಳ್ಳದಿದ್ದರೆ ಇನ್ಯಾರು ಕೊಂಡಾರು?

ಹಿಮಕ್ಕೆ ಬಿರಿದ ಹತ್ತಿಕಾಯಿ. ರಾಣೆಬೆನ್ನೂರಿನ ಕೃಷ್ಣಮೃಗವನ್ನು ಮಕ್ಕಳೇ ರಟ್ಟಿನಲ್ಲಿ ಕತ್ತರಿಸಿದರು. ಕೆಂಪಿಗೆ, 2011ರಲ್ಲಿ ಜಿಐ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿ. ತೂಗುಹಾಕಲು ಡಬ್ಬಿಗಿಂತ ಉದ್ದನೆಯ ಕಡ್ಡಿಯೇ ಚೆಂದ. ಖಾರ ಕಡಿಮೆಯೆಂದು ಮೈಮರೆಯಬೇಡಿ, ಎತ್ತರದಲ್ಲೇ ಕಟ್ಟಿ. ನಮ್ಮ ಪುಟ್ಟಿ ಕಣ್ಣುಜ್ಜಿಕೊಂಡು ಅತ್ತಿದ್ದು ಇನ್ನೂ ನೆನಪಿದೆ. ಹಬ್ಬ ಮುಗಿದ ಮೇಲೆ ಮೆಣಸಿನಕಾಯಿ ಒರೆಸಿ, ಬಿಸಿಲಿಗಿಟ್ಟು, ಅಡುಗೆಮನೆ ಡಬ್ಬಿಗೆ ತುಂಬಿದೆ.