ಇದೂ ಅನುವಾದವೇ, ಸ್ವಾಮಿ

ಅನುವಾದದ ಬಗೆಗಿನ ಒಂದು ಗೋಷ್ಠಿಯಲ್ಲಿ ನಾನು ‘ಡೂಮ್’ ಆಟದ ಹೆಸರೆತ್ತಿದಾಗ ಹಿರಿಯರೊಬ್ಬರು ನಕ್ಕರು. “ಗುಂಡು ಹಾರಿಸೋ ಆಟಕ್ಕೂ ಅನುವಾದಕ್ಕೂ ಏನಮ್ಮಾ ಸಂಬಂಧ?” ಊಟದ ಹೊತ್ತಾಗಿತ್ತು, ಸುಮ್ಮನಾದೆ. ಉತ್ತರ ಇಲ್ಲಿದೆ.

1993ರ ಡಿಸೆಂಬರಿನಲ್ಲಿ ಬಂದ ಡೂಮ್, ಐಬಿಎಂ ಮಾದರಿಯ ಪಿಸಿಗೆಂದು ಬರೆದದ್ದು. ಆಗ ಜಪಾನಿನಲ್ಲಿ ಬಳಕೆಯಲ್ಲಿದ್ದ ಯಂತ್ರಗಳೇ ಬೇರೆ: ಎನ್‌ಇಸಿಯ ಪಿಸಿ-98, ಶಾರ್ಪ್‌ನ ಎಕ್ಸ್68000, ಫುಜಿತ್ಸುವಿನ ಎಫ್‌ಎಂ ಟೌನ್ಸ್. ಈ ಬೇರೆತನಕ್ಕೆ ಲಿಪಿಯೂ ಒಂದು ದೊಡ್ಡ ಕಾರಣ. ಸಾವಿರಾರು ಕಾಂಜಿ ಅಕ್ಷರಗಳನ್ನು ತೆರೆಯ ಮೇಲೆ ಬೇಗ ಮೂಡಿಸಲು ಪಿಸಿ-98 ಅಕ್ಷರರೂಪಗಳನ್ನು ಚಿಪ್ಪಿನಲ್ಲೇ ಇಟ್ಟುಕೊಂಡಿತ್ತು. (ಕನ್ನಡ ಕಾಣಲೆಂದು ಕಂಪ್ಯೂಟರಿನೊಳಗೆ ಜಿಸ್ಟ್ ಕಾರ್ಡು ಸಿಕ್ಕಿಸಿದವರಿಗೆ ಈ ಕಷ್ಟ ಗೊತ್ತು.)

ಡೂಮ್ ಗೋಡೆಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದೇ ಪಟ್ಟಿಯಾಗಿ ಬಳಿಯುತ್ತದೆ. ಮೂಲದ ಪಿಸಿಯಲ್ಲಿ ಒಂದು ಬೈಟ್ ಎಂದರೆ ಒಂದು ಚುಕ್ಕೆ. ಹಳೆಯ ಪಿಸಿ-98ರ 16 ಬಣ್ಣದ ತೆರೆಯಲ್ಲಿ ಒಂದು ಬೈಟಿನಲ್ಲಿ ಅಕ್ಕಪಕ್ಕದ ಎಂಟು ಚುಕ್ಕೆಗಳು ಕೂತಿರುತ್ತವೆ; ಒಂದು ಚುಕ್ಕೆಯ ಬಣ್ಣ ನಾಲ್ಕು ಪದರಗಳಲ್ಲಿ ಹಂಚಿಹೋಗಿರುತ್ತದೆ. ಒಂದು ಚುಕ್ಕೆ ಇಡಲು ನಾಲ್ಕು ಕಡೆ ಕೈಹಾಕಬೇಕು, ನೆರೆಯ ಏಳು ಕೆಡದಂತೆ. ಹಾಗಾಗಿ ಚಿತ್ರವನ್ನು ಮೊದಲು ಮೆಮೊರಿಯಲ್ಲಿ ಬರೆದು, ಆಮೇಲೆ ಇಡಿಯಾಗಿ ಪದರಗಳಿಗೆ ಬಿಡಿಸಿ ಹಾಕುವುದು ವಾಸಿ. ಮೂಲದ 256 ಬಣ್ಣಗಳನ್ನು 16ಕ್ಕೆ ಇಳಿಸುವಾಗ ಯಾವ ಕಂದು ಉಳಿಯಬೇಕು, ಯಾವುದು ಹೋಗಬೇಕು? ಡೂಮ್‌ನ ಲೋಕವೇ ಕಂದು, ಬೂದು. ಇದು ಯಂತ್ರ ತೀರ್ಮಾನಿಸುವ ವಿಷಯವಲ್ಲ. ಅನುವಾದಕರು ಪದ ಆಯುವಾಗ ಇದನ್ನೇ ತಾನೇ ಮಾಡುವುದು?

ಎಕ್ಸ್68000ಗೆ ಬಣ್ಣದ ಬಡತನವಿಲ್ಲ, 65,536 ಇವೆ. ಅದರ ಬಡತನ ಗಣಿತದ್ದು. 1987ರ ಆ ಯಂತ್ರದ 10 ಮೆಗಾಹರ್ಟ್ಸ್ ಪ್ರೊಸೆಸರ್ ಒಂದೇಟಿಗೆ 16 ಬಿಟ್ ಸಂಖ್ಯೆಗಳನ್ನಷ್ಟೇ ಗುಣಿಸಬಲ್ಲದು. ಡೂಮ್‌ನ ಸಂಖ್ಯೆಗಳು 32 ಬಿಟ್‌ನವು. ಪ್ರತಿ ಗುಣಾಕಾರವನ್ನೂ ತುಂಡು ಮಾಡಿ ಮತ್ತೆ ಕೂಡಿಸಬೇಕು. ಸಾಲದ್ದಕ್ಕೆ ಬೈಟ್‌ಗಳ ಕ್ರಮ ಇಂಟೆಲ್‌ಗೆ ಪೂರ್ತಿ ತಿರುಗುಮುರುಗು.

ಇನ್ನು ಮೂಲಪಾಠದ ಕಥೆ. 1997ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಸೋರ್ಸ್ ಕೋಡ್ ಲೈನಕ್ಸ್ ಆವೃತ್ತಿಯದು. ಡಾಸ್ ಆವೃತ್ತಿಯ ಸದ್ದಿನ ಭಾಗ ಬೇರೆಯವರ ಸೊತ್ತಾಗಿದ್ದರಿಂದ ಅದನ್ನು ಕೊಡಲಾಗಲಿಲ್ಲ. ಗರಿ ಕಳೆದ ಓಲೆಕಟ್ಟಿನ ಮುಂದೆ ಕೂತ ಸಂಪಾದಕರ ಪಾಡೇ ಪೋರ್ಟ್ ಮಾಡುವವರದೂ.

“ಎಮ್ಯುಲೇಟರ್ ಇದೆಯಲ್ಲ” ಎನ್ನುವವರಿದ್ದಾರೆ. ಎಮ್ಯುಲೇಟರ್ ಹಳೆಯ ಯಂತ್ರದ ವೇಷ ಹಾಕುತ್ತದೆ. ಆಟದ ಒಳಗೆ ಏನಿದೆಯೆಂದು ಅದಕ್ಕೆ ತಿಳಿಯಬೇಕಾಗಿಲ್ಲ. ಪೋರ್ಟ್ ಮಾಡುವವರು ಸಾಲುಸಾಲನ್ನೂ ಓದಲೇಬೇಕು. ನನಗೆ ಇದಕ್ಕಿಂತ ಸಿಟ್ಟು ಬರುವುದು ತಮಾಷೆಗೆ ಕಂಡಕಂಡದ್ದರಲ್ಲಿ ಡೂಮ್ ಓಡಿಸುವವರ ಮೇಲೆ. ಲೆಕ್ಕವೆಲ್ಲ ಹಿಂದೆ ಬಚ್ಚಿಟ್ಟ ಹೊಸ ಚಿಪ್ಪಿನದು, ಹಳೆಯ ಯಂತ್ರ ಬರೀ ಕನ್ನಡಿ! ತನ್ನದೇ ಪ್ರೊಸೆಸರಿನಲ್ಲಿ ಏದುಸಿರು ಬಿಡುತ್ತಾ ತೆವಳುವ ಪೋರ್ಟ್ ಅದಕ್ಕಿಂತ ಪ್ರಾಮಾಣಿಕ. ಮೂಲದ ಯಾವ ಸಾಲು ಎಲ್ಲಿ ಭಾರವೆಂದು ಅದರ ತೆವಳಿಕೆಯೇ ತೋರಿಸುತ್ತದೆ.

ಕೋಡ್ ಓದದೆಯೇ ‘ಡಿಜಿಟಲ್ ಮಾನವಿಕ’ದ ಪ್ರಬಂಧ ಬರೆಯುವ ನಮ್ಮಂಥ ಸಂಶೋಧಕರು ಇವರನ್ನು ಹವ್ಯಾಸಿಗಳೆಂದು ತಳ್ಳಿಹಾಕುತ್ತೇವೆ. ಮುಂದಿನ ಗೋಷ್ಠಿಗೆ ಡೂಮ್ ಪಟ್ಟಿ ಬಳಿಯುವ ‘ಆರ್_ಡ್ರಾ.ಸಿ’ ಕಡತವನ್ನು ಮುದ್ರಿಸಿಕೊಂಡು ಹೋಗುತ್ತೇನೆ. ಈ ಸಲ ನನಗೆ ಊಟಕ್ಕೆ ಮುಂಚಿನ ಅವಧಿಯೇ ಬೇಕು.