ಡಬ್ಬಿಯಲ್ಲಿ ಇಲ್ಲದ ಚೀಟಿ

ಡಿಸೆಂಬರ್ 31ರ ರಾತ್ರಿ, ಹನ್ನೆರಡಕ್ಕೆ ಇನ್ನೂ ಐದು ನಿಮಿಷ ಇರುವಾಗ, ಬೆಂಗಳೂರಿನಲ್ಲಿ ನಾನು ಹೋಗುವ ಚರ್ಚಿನಲ್ಲಿ ಒಂದು ಡಬ್ಬಿ ಕೈಯಿಂದ ಕೈಗೆ ಬರುತ್ತದೆ. ಒಳಗೆ ವಾಗ್ದಾನದ ಚೀಟಿಗಳು. ಒಬ್ಬೊಬ್ಬರು ಒಂದೊಂದು ಎಳೀಬೇಕು. ಎಳೆದದ್ದು ಆ ವರ್ಷಕ್ಕೆ ದೇವರು ನಿಮಗೇ ಅಂತ ಕೊಟ್ಟ ವಾಕ್ಯ. ಈ ಸಲ ನನಗೆ ಬಂದದ್ದು, ನಾನು ಬಾಲವಾಗುವುದಿಲ್ಲ, ತಲೆಯಾಗುತ್ತೇನೆ ಅನ್ನೋ ಅರ್ಥದ್ದು. ಏಪ್ರಿಲ್‌ನಲ್ಲಿ ಅಪ್ರೈಸಲ್ ಬೇರೆ ಇತ್ತು. ಇದಕ್ಕಿಂತ ಒಳ್ಳೆ ವಾಕ್ಯ ಯಾವುದು? ಫೋಟೊ ಹೊಡೆದು ಸ್ಟೇಟಸ್‌ಗೆ ಹಾಕಿದೆ. ಬೆಳಗಾಗುವುದರೊಳಗೆ ಎಪ್ಪತ್ತು ಜನ ನೋಡಿದ್ದರು, ಇಪ್ಪತ್ತು ಜನ ಆಮೆನ್ ಅಂದಿದ್ದರು.

ಬೆಳಿಗ್ಗೆ ಔರಾದ್ ತಾಲೂಕಿನ ನಮ್ಮ ಹಳ್ಳಿಗೆ, ಆಯಿಗೆ ಫೋನ್ ಮಾಡಿದೆ. ಆಯಿಗೆ ಓದು ಬರಲ್ಲ. ಸತ್ಯವೇದವೆಲ್ಲ ಆಕೆಗೆ ಕಿವಿಯಿಂದ ಬಂದದ್ದು.

"ಯಾವ ವಾಕ್ಯ ಬಂತೋ ಯಪ್ಪಾ?"

ಹೇಳಿದೆ.

"ಛಲೋ ಅದ. ತಮ್ಮಗ ಫೋನ್ ಮಾಡಿದೇನು?"

ನೆಟ್‌ವರ್ಕ್ ಸರಿಯಿಲ್ಲ ಆಯಿ, ಆಮೇಲೆ ಮಾಡ್ತೀನಿ ಅಂತ ಇಟ್ಟುಬಿಟ್ಟೆ. ನೆಟ್‌ವರ್ಕ್ ಸರಿಯಾಗೇ ಇತ್ತು.

ಅಪ್ಪ ತೀರಿದ ಮೇಲೆ ಒಂದೂವರೆ ಎಕರೆ ಎರೆ ಹೊಲದ ವಿಷಯಕ್ಕೆ ನನಗೂ ತಮ್ಮನಿಗೂ ಮಾತು ನಿಂತು ಮೂರು ವರ್ಷ. ಅವನು ಅದನ್ನೇ ಉಳುತ್ತಾನೆ, ಅದರಲ್ಲೇ ತಿನ್ನುತ್ತಾನೆ. ನಾನು ಭಾಲ್ಕಿಯಲ್ಲಿ ಹಾಸ್ಟೆಲ್ಲು, ಬೀದರ್‌ನಲ್ಲಿ ಬಿಇ ಅಂತ ಅಪ್ಪನ ದುಡ್ಡಿನಲ್ಲೇ ಓದಿ ಬೆಂಗಳೂರು ಸೇರಿದವನು. ಆದರೂ ಪಾಲು ಪಾಲೇ ಅಂದೆ. ಈ ಮೂರು ವರ್ಷ ನನ್ನ ಬೈಬಲ್ ಆ್ಯಪ್‌ನ ಓದು ಒಂದು ದಿನವೂ ತಪ್ಪಿಲ್ಲ. ಕಾಣಿಕೆ ತಂದಾಗ ನಿನ್ನ ಮೇಲೆ ನಿನ್ನ ಸಹೋದರನಿಗೆ ಏನೋ ಮನಸ್ತಾಪ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಜೊತೆ ಸಮಾಧಾನ ಆಗು ಅಂತ ಯೇಸು ಹೇಳುವ ಮತ್ತಾಯನ ಐದನೇ ಅಧ್ಯಾಯವನ್ನು ಎಷ್ಟು ಸಲ ಓದಿದ್ದೀನೋ! ಹಳದಿ ಬಣ್ಣದಲ್ಲಿ ಹೈಲೈಟ್ ಕೂಡ ಮಾಡಿದ್ದೆ.

ನಮ್ಮ ತಲೆಮಾರಿನ ಓದುಬರಹದ ಕ್ರೈಸ್ತರ ಮೇಲೆ, ಅಂದರೆ ನನ್ನ ಮೇಲೇ, ನನ್ನ ತಕರಾರು ಇದು. ದೇವರ ವಾಕ್ಯಕ್ಕೆ ಹೃದಯ ತೆರೆಯಿರಿ ಅಂತ ಪ್ರತಿ ಭಾನುವಾರ ಕೇಳುತ್ತೇವೆ. ಹಾಡುವಾಗ ಕಣ್ಣು ತುಂಬಿದರೆ ತೆರೆದೆವು ಅಂದುಕೊಳ್ಳುತ್ತೇವೆ. ನಮ್ಮ ಕಸುಬಿನ ಮಾತಲ್ಲಿ ಹೇಳೋದಾದರೆ, ವಾಕ್ಯಕ್ಕೆ ನಾವು ಕೊಟ್ಟಿರೋದು ರೀಡ್-ಓನ್ಲಿ ಆಕ್ಸೆಸ್. ಬಂದು ನೋಡಿಕೊಂಡು ಹೋಗಬಹುದು, ಏನನ್ನೂ ಬದಲಿಸುವಂತಿಲ್ಲ.

ಆ ಡಬ್ಬಿಯನ್ನೇ ನೋಡಿ. ನನ್ನ ಚೀಟಿಯ ಮಾತು ಧರ್ಮೋಪದೇಶಕಾಂಡದ 28ನೇ ಅಧ್ಯಾಯದ್ದು. ತೆಗೆದು ಓದಿದರೆ ಅದೇ ವಚನದಲ್ಲಿ ಒಂದು ಷರತ್ತು ಇದೆ: ದೇವರ ಆಜ್ಞೆ ಕೇಳಿ ಅದರಂತೆ ನಡೆದರೆ. ಚೀಟಿ ಮಾಡಿದವರು ಆ "ನಡೆದರೆ"ಯನ್ನು ಕತ್ತರಿಸಿ ತಲೆಯನ್ನು ಮಾತ್ರ ಉಳಿಸಿದ್ದಾರೆ. ಇನ್ನು ಕೊಯ್ದವರ ಕೂಲಿ ಹಿಡಿದಿಟ್ಟರೆ ಆ ಕೂಲಿಯೇ ಕೂಗುತ್ತದೆ ಅನ್ನುವ ಯಾಕೋಬನ ಮಾತು ಯಾವ ಡಬ್ಬಿಯಲ್ಲೂ ನನಗೆ ಸಿಕ್ಕಿಲ್ಲ. ಇರೋದನ್ನು ಮಾರಿ ಬಡವರಿಗೆ ಕೊಡು ಅಂತ ಯೇಸು ಹೇಳಿದ್ದು ಒಬ್ಬ ಯುವಕನಿಗೆ, ಬಹಳ ಆಸ್ತಿ ಇದ್ದವನಿಗೆ. ಅವನು ಬೇಜಾರಾಗಿ ಹೊರಟುಹೋದ. ನಮ್ಮ ವಯಸ್ಸಿನವನೇ ಇರಬೇಕು. ಆ ಚೀಟಿಯೂ ಇಲ್ಲ.

"ವಾರವಿಡೀ ದುಡಿದು ಸುಸ್ತಾಗಿ ಬಂದವರಿಗೆ ಧೈರ್ಯದ ಮಾತು ಬೇಡವಾ?" ಅಂತ ಗೆಳೆಯರು ಕೇಳುತ್ತಾರೆ. ಬೇಕು. ಆಯಿ ಬದುಕಿರೋದೇ ಕೀರ್ತನೆಗಳ ಧೈರ್ಯದ ಮೇಲೆ. ಆದರೆ ಆಯಿ ಬರೀ ಧೈರ್ಯದ ಮಾತನ್ನು ಆರಿಸಿಕೊಳ್ಳಲಿಲ್ಲ, ಎಲ್ಲವನ್ನೂ ಕೇಳಿಸಿಕೊಂಡಳು. ಅದಕ್ಕೇ ಆಕೆಗೆ ಮೊದಲು ನೆನಪಾದದ್ದು ನನ್ನ ತಮ್ಮ.

ಬಿತ್ತುವವನ ಕಥೆಯನ್ನು ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಬೀದರ್ ಊರು ನಿಂತಿರೋದೇ ಕೆಂಪು ಕಲ್ಲಿನ ಮೇಲೆ. ಇಳಿದು ಭಾಲ್ಕಿ, ಔರಾದ್ ಕಡೆ ಬಂದರೆ ಎರೆ ಭೂಮಿ. ಬೀಜ ಒಂದೇ, ನೆಲ ಬೇರೆ. ಹೊಲದ ನಡುವಿನ ಕಾಲುದಾರಿ ಹುಟ್ಟಿನಿಂದ ಕೆಟ್ಟ ನೆಲವೇನಲ್ಲ, ಅದೂ ಎರೆ ಮಣ್ಣೇ. ದಿನಾ ತುಳಿದು ತುಳಿದು ಗಟ್ಟಿಯಾಗಿದೆ. ಮೆಟ್ರೋದಲ್ಲಿ ನಿಂತು ಒಂದೂವರೆ ಪಟ್ಟು ಸ್ಪೀಡಿನಲ್ಲಿ ಪ್ರಸಂಗ ಕೇಳಿ ಕೇಳಿ ನನ್ನ ಕಿವಿಯೂ ಹಾಗೇ ಆಗಿದೆ. ಮುಳ್ಳು ಯಾವುದು ಅಂತ ಯೇಸುವೇ ಬಿಡಿಸಿ ಹೇಳಿದ್ದಾನೆ: ಸಂಸಾರದ ಚಿಂತೆ, ಐಶ್ವರ್ಯದ ಮೋಸ. ಈಗಿನ ಮಾತಲ್ಲಿ ಇಎಂಐ. ಮಿರಗದ ಮಳೆಗೆ ಮುಂಚೆ ನೇಗಿಲು ಹೊಡೆಯದ ಹೊಲಕ್ಕೆ ಎಂಥ ಬೀಜ ಹಾಕಿದರೂ ಹಕ್ಕಿ ಪಾಲು. ಉಳೋದು ಅಂದರೆ ನೆಲ ಸೀಳೋದು. ಹೃದಯ ತೆರೆಯೋದು ಬರೀ ಹಿತವಾಗಿದ್ದರೆ ಅದು ಉಳುಮೆ ಆಗಿರಲಿಕ್ಕಿಲ್ಲ.

ನಮ್ಮ ಹಿರಿಯರಿಗೆ ಅದು ಹಿತವಾಗಿರಲಿಲ್ಲ. ಕನ್ನಡದಲ್ಲಿ ಇಡೀ ಬೈಬಲ್ ಅಚ್ಚಾಗಿ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿ. ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ಸುಮಾರು ಇಪ್ಪತ್ತು ವರ್ಷದ ಕೆಲಸ ಅದು. ನಿಜಾಮನ ಕಾಲದ ಬೀದರ್‌ಗೆ ಅಮೆರಿಕದ ಮೆಥಡಿಸ್ಟ್ ಮಿಷನರಿಗಳು ಬಂದದ್ದು 19ನೇ ಶತಮಾನದ ಕೊನೆಗೆ. ಮಂಗಲಪೇಟೆಯ ಚರ್ಚಿನ ಹಿಂದೆ ಇರೋದು ಆ ಕಥೆಯೇ. ವಾಕ್ಯ ಕೇಳಿದವರಲ್ಲಿ ಬಹುಪಾಲು ಜನ ಊರ ಹೊರಗಿನ ಕೇರಿಯವರು, ಅಕ್ಷರ ಬಾರದವರು. ಸ್ವತಂತ್ರ ಭಾರತದ 1950ರ ಆದೇಶ ಕ್ರೈಸ್ತರಾದ ದಲಿತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಆ ಬಾಗಿಲು ತೆರೆಯಿತು, ಕ್ರೈಸ್ತರಿಗೆ ತೆರೆಯಲಿಲ್ಲ. ಮಕ್ಕಳ ಸ್ಕಾಲರ್‌ಶಿಪ್ಪಿಗಾಗಿ ಕಾಗದದಲ್ಲಿ ಒಂದು, ಎದೆಯಲ್ಲಿ ಒಂದು ಇಟ್ಟುಕೊಂಡವರನ್ನು ನಾನು ಆಡಿಕೊಳ್ಳುವುದಿಲ್ಲ, ಅದು ಕಾನೂನಿನ ತಪ್ಪು. ಆದರೆ ಅಷ್ಟು ಬೆಲೆ ಕೊಟ್ಟು ವಾಕ್ಯ ಕೇಳಿದವರ ಮೊಮ್ಮಕ್ಕಳು ನಾವು, ಇವತ್ತು ಮದುವೆ ಬಯೋಡೇಟಾದಲ್ಲಿ ಕ್ರಿಶ್ಚಿಯನ್ ಅಂತ ಬರೆದು ಪಕ್ಕದಲ್ಲೇ ಜಾತಿಯನ್ನೂ ಬರೆಯುತ್ತೇವಲ್ಲ, ಅದಕ್ಕೆ ಯಾವ ಕಾನೂನನ್ನು ಬೈಯೋಣ?

ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿ ಲುದ್ಯ ಅನ್ನೋ ಹೆಣ್ಣುಮಗಳು ಬರುತ್ತಾಳೆ. ಬೆಲೆಬಾಳುವ ಕೆನ್ನೀಲಿ ಬಟ್ಟೆಯ ವ್ಯಾಪಾರ ಆಕೆಯದು. ಪೌಲನ ಮಾತಿಗೆ ಕರ್ತನು ಆಕೆಯ ಹೃದಯ ತೆರೆದ ಅಂತ ಅಲ್ಲಿದೆ. ತೆರೆದ ಹೃದಯ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಮುಂದಿನ ವಚನ ಓದಬೇಕು. ಆಕೆ ಮನೆಯ ಬಾಗಿಲು ತೆರೆದು, ಊರಿಗೆ ಹೊಸಬರಾದ ಆ ಜನರನ್ನು ಒಳಗೆ ಕರೆದಳು. ಬರಲೇಬೇಕು ಅಂತ ಹಟ ಹಿಡಿದಳು. ಹೃದಯ ತೆರೆದದ್ದನ್ನು ಅಳೆಯೋಕೆ ಬೈಬಲ್‌ನಲ್ಲಿ ಸಿಗೋ ಅಳತೆ ಇಂಥದ್ದು: ಬಾಗಿಲು, ತಟ್ಟೆ, ಲೆಕ್ಕದ ಪುಸ್ತಕ. ಕಣ್ಣೀರಿನ ಲೆಕ್ಕ ಅಲ್ಲಿ ಇಲ್ಲ.

ಜನವರಿ ಮೂರಕ್ಕೆ ತಮ್ಮನಿಗೆ ಫೋನ್ ಮಾಡಿದೆ. ನಾಲ್ಕು ರಿಂಗ್ ಆದ ಮೇಲೆ ಎತ್ತಿದ.

"ಅಣ್ಣಾ? ಆಯಿಗೇನರ ಆಯ್ತೇನು?"

ಮೂರು ವರ್ಷದ ಮೇಲೆ ಅಣ್ಣ ಫೋನ್ ಮಾಡಿದರೆ ಮನೆಯಲ್ಲಿ ಯಾರೋ ಹೋಗಿರಬೇಕು ಅನ್ನುವ ಹೊತ್ತಿಗೆ ತಂದಿಟ್ಟಿದ್ದೆ ನಾನು. ತೊಗರಿ ಹೆಂಗದ ಅಂತ ಕೇಳಿದೆ. ಹೇಳಿದ. ಹೊಲದ ಮಾತು ಇಬ್ಬರೂ ಎತ್ತಲಿಲ್ಲ. ಅದು ಇನ್ನೂ ಬಗೆಹರಿದಿಲ್ಲ, ಯುಗಾದಿಗೆ ಊರಿಗೆ ಹೋದಾಗ ಕೂತು ಮಾತಾಡಬೇಕು. ಬಿಟ್ಟುಕೊಡೋಕೆ ನಾನು ತಯಾರಿದ್ದೀನಾ? ನಿಜ ಹೇಳಬೇಕಂದರೆ, ಅರ್ಧ ಮನಸ್ಸು. ಉಳುಮೆ ಶುರುವಾಗಿದೆ ಅಷ್ಟೆ.

ಸಭಾಪಾಲಕರಲ್ಲಿ ಒಂದು ಕೋರಿಕೆ. ಮುಂದಿನ ಡಿಸೆಂಬರ್‌ಗೆ ಆ ಡಬ್ಬಿಯಲ್ಲಿ ಹತ್ತು ಬೇರೆ ಚೀಟಿಗಳನ್ನೂ ಹಾಕಿ. ಸಹೋದರನದು, ಕೂಲಿಯದು, ಮಾರಿ ಕೊಡು ಅಂದದ್ದು. ಅವು ಬಂದವರು ಸ್ಟೇಟಸ್ ಹಾಕಲಿಕ್ಕಿಲ್ಲ. ಯಾರಿಗಾದರೂ ಫೋನ್ ಮಾಡಬಹುದು.